ನಾಗವಲ್ಲಿ ಚಿತ್ರಮಾಲೆ: ಪಾತ್ರವರ್ಗ ಮತ್ತು ಪರಂಪರೆ

1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ನಿಂದ ಹುಟ್ಟಿ ಹಲವು ಭಾಷೆಗಳಲ್ಲಿ ಕವಲೊಡೆದ ಹಾಸ್ಯಮಿಶ್ರಿತ ಭಯಾನಕ ಚಿತ್ರಗಳ ಬಳಗ. ಕನ್ನಡದ ‘ಆಪ್ತಮಿತ್ರ’ (2004) ಮತ್ತು ‘ಆಪ್ತರಕ್ಷಕ’ (2010), ತಮಿಳಿನ ‘ಚಂದ್ರಮುಖಿ’ (2005) ಮತ್ತು ‘ಚಂದ್ರಮುಖಿ 2’ (2023), ಬಂಗಾಳಿಯ ‘ರಾಜ್‌ಮಹಲ್’ (2005), ಹಿಂದಿಯ ‘ಭೂಲ್ ಭುಲಯ್ಯಾ’ದ ಮೂರು ಭಾಗಗಳು (2007, 2022, 2024), ತೆಲುಗಿನ ‘ನಾಗವಲ್ಲಿ’ (2010), ಮಲಯಾಳಂನಲ್ಲೇ ಮೂಲದ ವೈದ್ಯ ಮರಳಿ ಬರುವ ‘ಗೀತಾಂಜಲಿ’ (2013) ಇವೆಲ್ಲ ಒಂದೇ ಬೇರಿನ ಕೊಂಬೆಗಳು. ಇವುಗಳ ಹಿಂದೆ ಒಂದೇ ನಿರ್ಮಾಣ ಸಂಸ್ಥೆಯಿಲ್ಲ, ಒಬ್ಬನೇ ನಿರ್ದೇಶಕನಿಲ್ಲ. ಮುಚ್ಚಿದ ಕೋಣೆ, ಸತ್ತ ನರ್ತಕಿ, ಆಕೆಯನ್ನು ಮೈಮೇಲೆ ತಂದುಕೊಂಡ ಸೊಸೆ, ಗುಟ್ಟು ಬಿಡಿಸಲು ಬಂದ ವೈದ್ಯ ಎಂಬ ಒಂದು ಕಥೆ ಮಾತ್ರ ಭಾಷೆಯಿಂದ ಭಾಷೆಗೆ ದಾಟುತ್ತ ಹೋಗಿದೆ. ಕನ್ನಡಿಗರಿಗೆ ಈ ಇಡೀ ಬಳಗದ ಗುರುತು ಒಂದೇ ಹೆಸರು: ನಾಗವಲ್ಲಿ.

ಈ ಚಿತ್ರಗಳನ್ನು ದೆವ್ವದ ಸಿನಿಮಾಗಳೆಂದು ಕರೆಯುವುದು ರೂಢಿ. ಆದರೆ ಮೂಲ ಕಥೆಯಲ್ಲಿ ದೆವ್ವವೇ ಇಲ್ಲ. ಮನೆಯವರೆಲ್ಲ ದೆವ್ವವೆಂದು ನಡುಗುತ್ತಿದ್ದದ್ದು ಒಬ್ಬ ಹೆಣ್ಣುಮಗಳ ಮನಸ್ಸಿನ ಬೇನೆ ಎಂದು ತೋರಿಸಿಕೊಟ್ಟದ್ದೇ ಅದರ ಹೆಗ್ಗಳಿಕೆ. ಆಮೇಲೆ ಬಂದ ಒಂದೊಂದು ರೂಪದಲ್ಲೂ ದೆವ್ವಕ್ಕೆ ಸ್ವಲ್ಪ ಸ್ವಲ್ಪವೇ ಜಾಗ ಸಿಕ್ಕಿತು. ಮೂವತ್ತು ವರ್ಷ ಕಳೆಯುವ ಹೊತ್ತಿಗೆ, ಹೊರಗೆ ಹಾಕಿದ್ದ ದೆವ್ವ ಮನೆಯ ಯಜಮಾನನಾಗಿ ಕುಳಿತಿತ್ತು. ಈ ಚಿತ್ರಮಾಲೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಪಲ್ಲಟದ ಚರಿತ್ರೆ.

ಮೂಲ ಚಿತ್ರ

‘ಮಣಿಚಿತ್ರತ್ತಾಳ್’ ಎಂದರೆ ಕೇರಳದ ಹಳೆಯ ಮನೆಗಳ ಬಾಗಿಲಿಗೆ ಹಾಕುತ್ತಿದ್ದ ಚಿತ್ತಾರದ ಬೀಗ. ಮಧು ಮುಟ್ಟಂ ಬರೆದ ಕಥೆಯನ್ನು ಫಾಝಿಲ್ ನಿರ್ದೇಶಿಸಿದರು. 1993ರ ಡಿಸೆಂಬರ್‌ನಲ್ಲಿ ತೆರೆಗೆ ಬಂತು. ಕೆಲಸ ಬೇಗ ಮುಗಿಯಲೆಂದು ಪ್ರಿಯದರ್ಶನ್, ಸಿಬಿ ಮಲಯಿಲ್, ಸಿದ್ದಿಕ್–ಲಾಲ್ ಅವರಂಥ ಹೆಸರಾಂತ ನಿರ್ದೇಶಕರು ಎರಡನೆಯ ತಂಡದ ಹೊಣೆ ಹೊತ್ತು ದೃಶ್ಯಗಳನ್ನು ಚಿತ್ರಿಸಿಕೊಟ್ಟರು. ಇಷ್ಟು ಕೈಗಳು ಕೂಡಿದರೂ ಚಿತ್ರದಲ್ಲಿ ಎಲ್ಲೂ ಹೊಲಿಗೆ ಕಾಣುವುದಿಲ್ಲ. ಪದ್ಮನಾಭಪುರದ ಅರಮನೆ ಮತ್ತು ತೃಪ್ಪೂಣಿತ್ತುರದ ಹಿಲ್ ಪ್ಯಾಲೇಸ್ ಸೇರಿ ತೆರೆಯ ಮೇಲೆ ಮಾಡಂಪಳ್ಳಿ ಎಂಬ ಒಂದು ತರವಾಡು ಮನೆಯಾದವು, ಅಂದರೆ ಕುಲದ ಹಿರಿಮನೆ.

ಕಲ್ಕತ್ತಾದಿಂದ ನಕುಲನ್ (ಸುರೇಶ್ ಗೋಪಿ) ಹೆಂಡತಿ ಗಂಗೆಯೊಂದಿಗೆ (ಶೋಭನಾ) ಈ ಮನೆಗೆ ಬಂದು ಇಳಿಯುತ್ತಾನೆ. ಮನೆಯಲ್ಲಿ ತೆಕ್ಕಿನಿ ಎಂಬ ಕೋಣೆಗೆ ಬೀಗ. ಕನ್ನಡದ ತೆಂಕಣ ಎಂಬ ಮಾತಿನ ಒಡಹುಟ್ಟು ಈ ಪದ. ತೆಂಕು ಭಾಗದ ಕೋಣೆ ಎಂದರ್ಥ. ತಂಜಾವೂರಿನಿಂದ ಕರೆತಂದ ನರ್ತಕಿ ನಾಗವಲ್ಲಿಯನ್ನು ಹಿಂದಿನ ಕಾರಣವರ್ (ಮನೆಯ ಯಜಮಾನ) ಶಂಕರನ್ ತಂಬಿ ಅಲ್ಲಿ ಕೊಂದನೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಅವಳು ಒಲಿದಿದ್ದು ಎದುರು ಮನೆಯ ನರ್ತಕ ರಾಮನಾಥನನ್ನು. ಗಂಗೆ ಬೀಗ ತೆಗೆಸುತ್ತಾಳೆ. ಮನೆಯಲ್ಲಿ ವಿಚಿತ್ರಗಳು ಶುರುವಾಗುತ್ತವೆ. ಎಲ್ಲರ ಕಣ್ಣು ಬೀಳುವುದು, ಬಾಳಿನಲ್ಲಿ ಆಗಲೇ ನೊಂದು ಮೂಲೆ ಸೇರಿದ್ದ ಮನೆಯವಳೇ ಆದ ಶ್ರೀದೇವಿಯ ಮೇಲೆ. ಅಮೆರಿಕದಿಂದ ಬರುವ ಮನೋವೈದ್ಯ ಡಾಕ್ಟರ್ ಸನ್ನಿ (ಮೋಹನ್‌ಲಾಲ್) ಮಾತ್ರ ಬೇರೆ ಕಡೆ ನೋಡುತ್ತಾನೆ.

ಮೋಹನ್‌ಲಾಲ್ ಆಗಲೇ ಮಲಯಾಳಂನ ಬಹು ದೊಡ್ಡ ತಾರೆ. ಆದರೂ ಅವರ ಪ್ರವೇಶ ಆಗುವುದು ಚಿತ್ರ ಬಹಳ ದೂರ ಸಾಗಿದ ಮೇಲೆ. ಅಲ್ಲಿಯವರೆಗೆ ಪ್ರೇಕ್ಷಕ ಮನೆಯವರ ಜತೆಗೇ ಹೆದರುತ್ತಾನೆ, ಅವರ ಜತೆಗೇ ತಪ್ಪಾಗಿ ಅನುಮಾನಿಸುತ್ತಾನೆ. ನಾಯಕನನ್ನು ಇಷ್ಟು ಹೊತ್ತು ಹೊರಗೆ ನಿಲ್ಲಿಸುವ ಧೈರ್ಯವನ್ನು ಮುಂದಿನ ರೂಪಾಂತರಗಳಲ್ಲಿ ಎಲ್ಲರೂ ಉಳಿಸಿಕೊಳ್ಳಲಿಲ್ಲ.

ಚಿತ್ರದ ಜೀವ ಶೋಭನಾ. ಚಿತ್ರಾ ವಿಶ್ವೇಶ್ವರನ್ ಅವರಲ್ಲಿ ಭರತನಾಟ್ಯ ಕಲಿತ ಈ ಕಲಾವಿದೆಗೆ ನರ್ತಕಿಯ ಪಾತ್ರ ಹೊಸದಲ್ಲ. ಆದರೆ ಅವರು ತೋರಿಸಿದ್ದು ಕುಣಿತಕ್ಕಿಂತ ಹೆಚ್ಚಿನದು. ನಗುನಗುತ್ತ ಮಾತಾಡುವ ಗಂಗೆಯ ಕಣ್ಣಿನಲ್ಲಿ ಒಂದು ಕ್ಷಣ ಬೇರೆ ಯಾರೋ ಇಣುಕಿ ಹೋಗುವುದನ್ನು, ನೋಡಿದವರು ‘ಅದು ನನ್ನ ಭ್ರಮೆಯೇನೋ’ ಎಂದುಕೊಳ್ಳುವಷ್ಟು ಹಗುರವಾಗಿ ಅಭಿನಯಿಸಿದರು. ಗಂಗೆಯ ಮಲಯಾಳಂ ಮಾತಿಗೆ ಭಾಗ್ಯಲಕ್ಷ್ಮಿ ದನಿ ಕೊಟ್ಟರೆ, ನಾಗವಲ್ಲಿಯ ತಮಿಳಿಗೆ ದುರ್ಗಾ ಎಂಬ ಇನ್ನೊಬ್ಬ ಕಲಾವಿದೆ ದನಿ ಕೊಟ್ಟಿದ್ದರು. ಎರಡನೆಯ ದನಿ ಯಾರದೆಂಬುದು ಹೊರಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಒಂದೇ ಮುಖದ ಹಿಂದೆ ಎರಡು ಗಂಟಲು: ಕಥೆಗೆ ಇದಕ್ಕಿಂತ ಹೊಂದುವ ಏರ್ಪಾಡು ಸಿಗುವುದು ಕಷ್ಟ. ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಚಿತ್ರಕ್ಕೆ ಅತ್ಯುತ್ತಮ ಜನಪ್ರಿಯ ಚಿತ್ರವೆಂಬ ರಾಷ್ಟ್ರಪ್ರಶಸ್ತಿ.

ಹಾಸ್ಯ ಇಲ್ಲಿ ಉಪ್ಪಿನಕಾಯಿಯಂತೆ ಬದಿಗೆ ಬಡಿಸಿದ್ದಲ್ಲ. ಇನ್ನೊಸೆಂಟ್, ಕೆ.ಪಿ.ಎ.ಸಿ. ಲಲಿತಾ, ನೆಡುಮುಡಿ ವೇಣು, ಕುದಿರವಟ್ಟಂ ಪಪ್ಪು ಇವರೆಲ್ಲ ನಗಿಸುವುದು ಹೆದರಿಕೆಯಿಂದಲೇ. ತಾಯಿತ, ಮಂತ್ರ, ಪಿಸುಮಾತುಗಳ ಮನೆ ಅದು. ಅಲ್ಲಿ ಹೆದರಿದವರು ಹೇಗೆ ನಡೆದುಕೊಳ್ಳುತ್ತಾರೋ ಹಾಗೆಯೇ ಅವರು ನಡೆದುಕೊಳ್ಳುತ್ತಾರೆ, ನಮಗೆ ನಗು ಬರುತ್ತದೆ. ಆ ನಗುವಿನಲ್ಲಿ ಮೈಮರೆತ ಪ್ರೇಕ್ಷಕ, ಪಕ್ಕದಲ್ಲೇ ನಿಂತಿರುವ ರೋಗಿಯನ್ನು ಗಮನಿಸುವುದಿಲ್ಲ. ಮಂತ್ರವಾದಿ ಬ್ರಹ್ಮದತ್ತನ್ ನಂಬೂದಿರಿಪ್ಪಾಡ್ ಆಗಿ ಬಂದ ತಿಲಕನ್ ಅವರನ್ನು ಮಾತ್ರ ಚಿತ್ರ ಗೇಲಿಗೆ ಒಡ್ಡುವುದಿಲ್ಲ. ಆತ ತಿಳಿದವನು. ವೈದ್ಯನ ಮಾತು ಕೇಳಿ ಅವನ ಜತೆ ಕೈಜೋಡಿಸುತ್ತಾನೆ. ಹಳೆಯ ವಿದ್ಯೆಯನ್ನು ಹೀಗಳೆಯದೆ ಹೊಸ ವಿದ್ಯೆಗೆ ಜಾಗ ಮಾಡಿಕೊಟ್ಟ ಈ ಜಾಣ್ಮೆ ಮಧು ಮುಟ್ಟಂ ಅವರದು.

ಈ ಮೂಲ ಚಿತ್ರದಲ್ಲೇ ಕರ್ನಾಟಕದ ಇಬ್ಬರಿದ್ದಾರೆ. ಶ್ರೀದೇವಿಯ ಪಾತ್ರ ಮಾಡಿದವರು ಉಡುಪಿಯ ವಿನಯಾ ಪ್ರಸಾದ್. ಮಾಡದ ತಪ್ಪಿಗೆ ಅನುಮಾನದ ಹೊರೆ ಹೊತ್ತು, ಕೊನೆಯವರೆಗೂ ದನಿಯೇರಿಸದೆ ನಿಲ್ಲುವ ಆ ಪಾತ್ರ ಅವರನ್ನು ಕೇರಳದ ಮನೆಮಾತು ಮಾಡಿತು. ಎದುರು ಮನೆಯ ಅಧ್ಯಾಪಕ ಮಹಾದೇವನಾಗಿಯೂ ಗಂಗೆಯ ಕಲ್ಪನೆಯ ರಾಮನಾಥನಾಗಿಯೂ ಕಾಣಿಸಿಕೊಂಡವರು, ‘ಅಮೃತಘಳಿಗೆ’ಯಿಂದ ಕನ್ನಡಿಗರಿಗೆ ಪರಿಚಿತರಾದ ನಟ, ನೃತ್ಯಪಟು ಶ್ರೀಧರ್. ನಾಗವಲ್ಲಿ ಕನ್ನಡಕ್ಕೆ ಬರುವ ಹನ್ನೊಂದು ವರ್ಷ ಮೊದಲೇ ಕನ್ನಡದ ನರ್ತಕನೊಬ್ಬ ಅವಳ ಜತೆ ಹೆಜ್ಜೆ ಹಾಕಿದ್ದ.

ಸಂಗೀತ ಎಂ.ಜಿ. ರಾಧಾಕೃಷ್ಣನ್ ಅವರದು. ಹಾಡಿದವರಿಗೆ ಅಂದು ಅನ್ನ ಸಿಗದು ಎಂಬ ಹಳೆಯ ನಂಬಿಕೆ ಅಂಟಿಕೊಂಡಿರುವ ಆಹಿರಿ ರಾಗವನ್ನು ಅವರು ಒಂದು ಮುಖ್ಯ ಹಾಡಿಗೆ ಆರಿಸಿಕೊಂಡರು. ಹಿನ್ನೆಲೆ ಸಂಗೀತ ಜಾನ್ಸನ್ ಅವರದು.

ಮಂಚ ಎತ್ತುವ ದೃಶ್ಯ

ಈ ಬಳಗದ ಪ್ರತಿ ಮುಖ್ಯ ರೂಪದಲ್ಲೂ ಉಳಿದು ಬಂದ ಒಂದು ದೃಶ್ಯವಿದೆ. ಅಭಿನೇತ್ರಿಯರ ಅಳತೆಗೋಲೂ ಅದೇ. ಹೆಂಡತಿಗೆ ಬೇನೆಯಿದೆಯೆಂದು ನಂಬಲು ಗಂಡ ತಯಾರಿಲ್ಲ. ‘ಅವಳು ಹೊರಗೆ ಹೋಗುತ್ತೇನೆಂದರೆ ಬೇಡವೆನ್ನು, ನೋಡೋಣ’ ಎಂದು ವೈದ್ಯ ಹೇಳಿಕೊಡುತ್ತಾನೆ. ಗಂಡ ಹಾಗೇ ಮಾಡುತ್ತಾನೆ. ಮೊದಲು ಅವಳು ಮಕ್ಕಳ ಹಾಗೆ ಗೋಗರೆಯುತ್ತಾಳೆ. ಆಮೇಲೆ ದನಿ ಗಡಸಾಗುತ್ತದೆ. ಕಣ್ಣು ಅರಳುತ್ತದೆ. ಭಾಷೆ ಬದಲಾಗುತ್ತದೆ. ಒಂದು ಕೈಯಲ್ಲಿ ಮರದ ಮಂಚ ಮೇಲೇಳುತ್ತದೆ. ಗಂಡ ಕೂಗಿ ಕರೆದ ಕೂಡಲೇ ಎಲ್ಲ ಇಳಿದುಹೋಗಿ, ಏನಾಯಿತೆಂದು ಅವಳೇ ಕೇಳುತ್ತಾಳೆ.

ಯಂತ್ರತಂತ್ರಗಳ ಚಮತ್ಕಾರ ಇಲ್ಲಿ ಕಡಿಮೆ. ಸಾಮಾನ್ಯ ಮಲಗುವ ಕೋಣೆ, ದಂಪತಿಗಳ ದಿನದಿನದ ಮಾತು. ಹೊರಗೆ ಹೋಗಬೇಡವೆಂದ ಗಂಡನ ಒಂದು ಮಾತಿಗೆ ಒಳಗಿನ ಸಿಟ್ಟೆಲ್ಲ ಮೇಲೆದ್ದು ಬರುತ್ತದೆ. ನಾಗವಲ್ಲಿಯನ್ನು ಕೂಡಿಹಾಕಿದ್ದೂ ಒಬ್ಬ ಗಂಡಸಿನ ಮಾತೇ. ತಂದೆತಾಯಿಯರು ದೂರದ ಊರಲ್ಲಿದ್ದು, ಅಜ್ಜಿಯ ಮನೆಯಲ್ಲಿ ಕಥೆ ಕೇಳುತ್ತ ಒಂಟಿಯಾಗಿ ಬೆಳೆದ ಗಂಗೆಗೆ ಸತ್ತ ನರ್ತಕಿಯ ದುಃಖ ತನ್ನದೇ ಎನ್ನಿಸಿದ್ದು ಯಾಕೆಂದು ಪ್ರೇಕ್ಷಕನಿಗೆ ಇಲ್ಲಿ ಹೊಳೆಯುತ್ತದೆ. ಮಲಯಾಳಂನಲ್ಲಿ ಶೋಭನಾ, ಕನ್ನಡದಲ್ಲಿ ಸೌಂದರ್ಯ, ತಮಿಳಿನಲ್ಲಿ ಜ್ಯೋತಿಕಾ, ಹಿಂದಿಯಲ್ಲಿ ವಿದ್ಯಾ ಬಾಲನ್ ಈ ದೃಶ್ಯವನ್ನು ನಾಲ್ಕು ಬಗೆಯಲ್ಲಿ ಮಾಡಿದ್ದಾರೆ. ಶೋಭನಾ ಅವರದು ಮೆಲ್ಲಗೆ ಕಾಯುವ ನೀರು. ಜ್ಯೋತಿಕಾ ಅವರದು ಪಕ್ಕನೆ ಹತ್ತಿದ ಬೆಂಕಿ. ವಿದ್ಯಾ ಬಾಲನ್ ಅವರಲ್ಲಿ ಸಿಟ್ಟಿಗಿಂತ ಯಾತನೆ ಹೆಚ್ಚು. ಸೌಂದರ್ಯ ಅವರಲ್ಲಿ, ಮಂಚ ನೆಲಕ್ಕೆ ಬಿದ್ದ ಮೇಲೆ ಮುಖದಲ್ಲಿ ಉಳಿಯುವ ದಿಕ್ಕುಗಾಣದ ಮುಗ್ಧತೆಯನ್ನು ಮರೆಯಲಾಗದು.

ಮೈಮೇಲೆ ಬಂದವಳ ಭಾಷೆ

ಮುಖ್ಯ ರೂಪಗಳಲ್ಲಿ ಈ ಕಥೆ ಒಂದು ನಿಯಮ ಬಿಟ್ಟಿಲ್ಲ. ನರ್ತಕಿ ಆ ಊರಿನವಳಲ್ಲ, ಅವಳ ಮಾತು ಬೇರೆ ನಾಡಿನದು. ಮಲಯಾಳಂ ಮನೆಯಲ್ಲಿ ನಾಗವಲ್ಲಿ ತಮಿಳು ಮಾತಾಡುತ್ತಾಳೆ. ಕನ್ನಡದ ಅರಮನೆಯಲ್ಲಿ ಅವಳ ಮಾತು ತೆಲುಗು. ತಮಿಳಿನ ಚಂದ್ರಮುಖಿಯದೂ ತೆಲುಗೇ. ಹಿಂದಿಯ ಹವೇಲಿಯಲ್ಲಿ ಮಂಜುಲಿಕಾ ಬಂಗಾಳಿಯಲ್ಲಿ ಹಾಡುತ್ತಾಳೆ. ಕಥೆಗೆ ಇದು ಬೇಕೇಬೇಕು. ಸೊಸೆ ಹಾಗೆ ಮಾತಾಡಿದ್ದನ್ನು ಎಂದೂ ಕೇಳದ ಮನೆಯವರು ಬೆಚ್ಚಿಬೀಳಬೇಕು, ಅದನ್ನು ಅವಳು ಎಲ್ಲಿ ಹೇಗೆ ಕಲಿತಳೆಂದು ವೈದ್ಯ ಹುಡುಕಿಕೊಂಡು ಹೋಗಬೇಕು. ಜತೆಗೆ, ಸಂಗೀತ ನೃತ್ಯ ಬಲ್ಲ ಹೆಂಗಸರನ್ನು ಬೇರೆ ರಾಜ್ಯಗಳಿಂದ ತರಿಸಿಕೊಂಡು ಒಡೆತನ ನಡೆಸುತ್ತಿದ್ದ ಹಳೆಯ ದೊರೆಮನೆಗಳ ನೆನಪೂ ಇದರಲ್ಲಿ ಹುದುಗಿದೆ. ಬೇರೆ ನಾಡಿನವಳಾದ್ದರಿಂದ ನರ್ತಕಿಯನ್ನು ಕೇಳುವವರಿರಲಿಲ್ಲ.

ಆಪ್ತಮಿತ್ರ

ಕನ್ನಡಕ್ಕೆ ಕಥೆಯನ್ನು ತಂದವರು ನಿರ್ದೇಶಕ ಪಿ. ವಾಸು ಮತ್ತು ನಿರ್ಮಾಪಕ ದ್ವಾರಕೀಶ್. ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದನ್ನು ಚಿತ್ರರಂಗ ಒಪ್ಪದ ಕಾಲ ಅದು. ಹೊರಗಿನ ಕಥೆ ಬರಬೇಕಾದರೆ ರೀಮೇಕ್ ಒಂದೇ ದಾರಿ. ಆ ದಾರಿಯಲ್ಲಿ ಗಾಂಧಿನಗರಕ್ಕೆ ಬಂದ ಅನೇಕ ಚಿತ್ರಗಳು ಮರೆತುಹೋಗಿವೆ, ‘ಆಪ್ತಮಿತ್ರ’ ಉಳಿಯಿತು.

1969ರಲ್ಲಿ ರಾಜ್‌ಕುಮಾರ್ ಅವರ ‘ಮೇಯರ್ ಮುತ್ತಣ್ಣ’ ನಿರ್ಮಿಸಿದ್ದ ದ್ವಾರಕೀಶ್ ಏಳುಬೀಳುಗಳನ್ನು ಕಂಡ ಸಾಹಸಿ. ವಿಷ್ಣುವರ್ಧನ್ ಜತೆ ‘ಕಳ್ಳ ಕುಳ್ಳ’ದಂಥ ಚಿತ್ರಗಳಲ್ಲಿ ಗೆದ್ದ ಜೋಡಿ ಅವರದು. ನಡುವೆ ಆ ಗೆಳೆತನಕ್ಕೆ ಬಿರುಕು ಬಿದ್ದಿತ್ತು, ಒಂದರ ಮೇಲೊಂದು ಸೋಲುಗಳೂ ಬಂದಿದ್ದವು. ಇಬ್ಬರೂ ಮತ್ತೆ ಒಂದಾದ ಚಿತ್ರಕ್ಕೆ ‘ಆಪ್ತಮಿತ್ರ’ ಎಂಬ ಹೆಸರಿಟ್ಟದ್ದು ಪ್ರೇಕ್ಷಕರ ಮನಸ್ಸನ್ನು ತಾಕಿತು. ಚಿತ್ರ ತುಂಬಿದ ಗೃಹಗಳಲ್ಲಿ ದೀರ್ಘಕಾಲ ಓಡಿ ದ್ವಾರಕೀಶ್ ಅವರನ್ನು ಎತ್ತಿ ನಿಲ್ಲಿಸಿತು. ಮುದ್ದಣ್ಣನ ಪಾತ್ರದಲ್ಲಿ ಅವರ ಹೆದರಿಕೆಯ ಹಾಸ್ಯಕ್ಕೂ ವಿಷ್ಣುವರ್ಧನ್ ಅವರ ತಣ್ಣನೆಯ ಕೀಟಲೆಗೂ ಹಳೆಯ ಒಗ್ಗರಣೆಯ ರುಚಿಯಿತ್ತು.

ವಾಸು ಕಥೆಯ ತೂಕವನ್ನು ಬದಲಿಸಿದರು. ಇಲ್ಲಿ ವೈದ್ಯ ಡಾಕ್ಟರ್ ವಿಜಯ್ ಬರಿಯ ಗುಟ್ಟು ಬಿಡಿಸುವವನಲ್ಲ, ಪೂರ್ಣ ನಾಯಕ. ಹಾಡು, ಹೊಡೆದಾಟ ಅವನ ಪಾಲಿಗೆ ಬಂದವು. ನರ್ತಕಿಯನ್ನು ಕೊಂದ ವಿಜಯ ರಾಜೇಂದ್ರ ಬಹದ್ದೂರ್ ದೊರೆಯಾಗಿಯೂ ವಿಷ್ಣುವರ್ಧನ್ ಅವರೇ ಕಾಣಿಸಿಕೊಂಡರು. ವಾಸಿ ಮಾಡುವ ವೈದ್ಯ, ಕೊಂದ ದೊರೆ ಇಬ್ಬರ ಮುಖವೂ ಒಂದೇ ಆದದ್ದರಿಂದ ಮೂಲದಲ್ಲಿ ಇಲ್ಲದ ಒಂದು ಗಾಢ ಬಣ್ಣ ಕಥೆಗೆ ಬಂತು. ಅದೇ ಹೊತ್ತಿಗೆ ಅರಮನೆಯೊಳಗೆ ದೊಡ್ಡ ಹಾವೊಂದು ಹರಿದಾಡತೊಡಗಿತು. ಅದು ಯಾಕಿದೆ ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಉತ್ತರವಿಲ್ಲ. ದೆವ್ವ ಒಳಗೆ ಬರಲು ಬಾಗಿಲು ಮೊದಲು ತೆರೆದದ್ದು ಇಲ್ಲೇ.

ತಿಲಕನ್ ಅವರ ಜಾಗಕ್ಕೆ ರಾಮಚಂದ್ರ ಆಚಾರ್ಯರಾಗಿ ಬಂದವರು ಅವಿನಾಶ್. ಎತ್ತರದ ನಿಲುವು, ತಗ್ಗಿದ ಗಂಭೀರ ಕಂಠ. ಅವರ ಬಿಗಿ ಎಷ್ಟು ಒಪ್ಪಿತೆಂದರೆ ‘ಚಂದ್ರಮುಖಿ’ಗೂ ‘ಆಪ್ತರಕ್ಷಕ’ಕ್ಕೂ ತೆಲುಗಿನ ‘ನಾಗವಲ್ಲಿ’ಗೂ ವಾಸು ಅವರನ್ನೇ ಕರೆದುಕೊಂಡು ಹೋದರು. ನಾಯಕರು, ನಾಯಕಿಯರು ಭಾಷೆಗೊಬ್ಬರಂತೆ ಬದಲಾದರು, ಆಚಾರ್ಯರು ಮಾತ್ರ ಕನ್ನಡದವರೇ. ಗಂಡನ ಪಾತ್ರದಲ್ಲಿ ರಮೇಶ್ ಅರವಿಂದ್, ಸೌಮ್ಯಳಾಗಿ ಪ್ರೇಮಾ ಇದ್ದರು. ಗುರುಕಿರಣ್ ಸಂಗೀತದ ತೆಲುಗು ಹಾಡು ಕನ್ನಡ ಬಿಟ್ಟು ಬೇರೆ ಬಾರದವರ ಬಾಯಲ್ಲೂ ನಲಿಯಿತು.

ಸೌಂದರ್ಯ ಕೋಲಾರ ಜಿಲ್ಲೆಯ ಮುಳಬಾಗಿಲಿನವರು. ಗಡಿಸೀಮೆಯ ಈ ಹೆಣ್ಣುಮಗಳು ತೆಲುಗು ಚಿತ್ರರಂಗದ ದೊಡ್ಡ ತಾರೆಯಾಗಿ ಬೆಳೆದಿದ್ದರು. ಗಿರೀಶ ಕಾಸರವಳ್ಳಿ ಅವರ ‘ದ್ವೀಪ’ (2002) ಚಿತ್ರವನ್ನು ನಿರ್ಮಿಸಿ, ಅದರಲ್ಲಿ ನಟಿಸಿ, ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯಲ್ಲಿ ಪಾಲು ಪಡೆದಿದ್ದರು. ಕನ್ನಡದ ಸೊಸೆಯೊಳಗೆ ತೆಲುಗಿನ ನರ್ತಕಿ ಎದ್ದು ನಿಲ್ಲುವ ಪಾತ್ರಕ್ಕೆ, ಎರಡೂ ನುಡಿಗಳನ್ನು ಉಸಿರಾಡಿದ ಇವರಿಗಿಂತ ಒಪ್ಪುವವರು ಆಗ ಯಾರಿದ್ದರು? 2004ರ ಏಪ್ರಿಲ್ 17ರಂದು, ಚುನಾವಣಾ ಪ್ರಚಾರಕ್ಕೆಂದು ಬೆಂಗಳೂರಿನ ಜಕ್ಕೂರಿನಿಂದ ಹೊರಟ ಸಣ್ಣ ವಿಮಾನ ಏರಿದ ಸ್ವಲ್ಪ ಹೊತ್ತಿನಲ್ಲೇ ನೆಲಕ್ಕಪ್ಪಳಿಸಿತು. ಸೌಂದರ್ಯ ಮತ್ತು ಅವರ ಅಣ್ಣ ಅಮರನಾಥ್ ತೀರಿಕೊಂಡರು. ‘ಆಪ್ತಮಿತ್ರ’ ಬಿಡುಗಡೆಯಾದದ್ದು ಆಗಸ್ಟ್ 27ರಂದು. ಜನ ಟಿಕೆಟ್ ಕೊಂಡು ಒಳಗೆ ಕೂತು ನೋಡಿದ್ದು, ನಾಲ್ಕು ತಿಂಗಳ ಹಿಂದೆ ಕಳೆದುಕೊಂಡಿದ್ದ ಹುಡುಗಿಯನ್ನು. ಕೊನೆಯಲ್ಲಿ ಅವಳು ಗುಣವಾಗಿ ನಗುವಾಗ ಚಿತ್ರಮಂದಿರದಲ್ಲಿ ಎದ್ದ ನಿಟ್ಟುಸಿರಿನಲ್ಲಿ ಕಥೆಯದೂ ಇತ್ತು, ಬದುಕಿನದೂ ಇತ್ತು. ಆ ವರ್ಷದ ಕನ್ನಡದ ಅತ್ಯುತ್ತಮ ನಟಿಯೆಂಬ ಫಿಲ್ಮ್‌ಫೇರ್ ಪ್ರಶಸ್ತಿ ಅವರಿಗೆ ಮರಣಾನಂತರ ಸಂದಿತು.

ತಮಿಳು, ತೆಲುಗು, ಬಂಗಾಳಿ

‘ಬಾಬಾ’ದ (2002) ಸೋಲಿನ ನಂತರ ರಜನಿಕಾಂತ್ ಆರಿಸಿಕೊಂಡದ್ದು ‘ಆಪ್ತಮಿತ್ರ’ದ ಕಥೆಯನ್ನು. ಹೀಗೆ ಮಲಯಾಳಂನ ಕಥೆ ಕನ್ನಡದ ಮೂಲಕ ತಮಿಳಿಗೆ ಹೋಯಿತು. ಶಿವಾಜಿ ಪ್ರೊಡಕ್ಷನ್ಸ್ ನಿರ್ಮಿಸಿದ ‘ಚಂದ್ರಮುಖಿ’ 2005ರ ಏಪ್ರಿಲ್ 14ರಂದು ತೆರೆಕಂಡು ಚೆನ್ನೈನ ಶಾಂತಿ ಚಿತ್ರಮಂದಿರದಲ್ಲಿ 800 ದಿನಗಳನ್ನು ದಾಟಿ ಓಡಿತು. ವೈದ್ಯ ಸರವಣನ್ ಮತ್ತು ವೇಟ್ಟೈಯನ್ ದೊರೆಯಾಗಿ ರಜನಿಕಾಂತ್, ಗಂಡನಾಗಿ ಪ್ರಭು, ದುರ್ಗಾ ಆಗಿ ನಯನತಾರಾ, ಬೆಚ್ಚಿಬೀಳುವ ಮುರುಗೇಶನ್ ಆಗಿ ವಡಿವೇಲು ನಟಿಸಿದರು. ಸಂಗೀತ ವಿದ್ಯಾಸಾಗರ್ ಅವರದು. ಖಳದೊರೆಯನ್ನು ಸಂತೋಷಪಟ್ಟುಕೊಂಡು ಆಡುವ ರಜನಿಕಾಂತ್ ಒಂದು ಕಡೆ, ಕಣ್ಣಗಲಿಸಿ ನಿಂತ ಜ್ಯೋತಿಕಾ ಇನ್ನೊಂದು ಕಡೆ. ರಜನಿಕಾಂತ್ ಚಿತ್ರವೊಂದರಲ್ಲಿ ಜನ ನಾಯಕಿಯ ಹೆಸರನ್ನೂ ಅಷ್ಟೇ ಜೋರಾಗಿ ಕೂಗಿದ್ದು ಅಪರೂಪ.

ಬಂಗಾಳಿಯ ‘ರಾಜ್‌ಮಹಲ್’ನಲ್ಲಿ ಪ್ರೊಸೆನ್‌ಜಿತ್ ನಟಿಸಿದರು. ತೆಲುಗಿನ ‘ನಾಗವಲ್ಲಿ’ ಕನ್ನಡದ ‘ಆಪ್ತರಕ್ಷಕ’ದ ರೂಪಾಂತರ, ವೆಂಕಟೇಶ್ ಎದುರು ನರ್ತಕಿಯಾದವರು ನಮ್ಮ ಕರಾವಳಿ ಮೂಲದ ಅನುಷ್ಕಾ ಶೆಟ್ಟಿ.

ಆಪ್ತರಕ್ಷಕ

‘ಆಪ್ತರಕ್ಷಕ’ದ ಜತೆಗೆ ದೆವ್ವ ಹೊಸ್ತಿಲು ದಾಟಿತು. ನಾಗವಲ್ಲಿಯ ತೈಲಚಿತ್ರ ಮನೆಯಿಂದ ಮನೆಗೆ ಸಾಗುತ್ತದೆ, ಹೋದಲ್ಲೆಲ್ಲ ಕೇಡು. ವೈದ್ಯ ವಿಜಯ್ ಮತ್ತೆ ಬರುತ್ತಾನೆ, ಬೇನೆಯ ಬೇರು ಹುಡುಕುತ್ತಾನೆ. ಆದರೆ ಶತಮಾನ ದಾಟಿದ ದೊರೆ ಇನ್ನೂ ಬದುಕಿರುವ ಕಥೆಯಲ್ಲಿ ವೈದ್ಯನ ವಿವರಣೆಗೆ ಹಿಂದಿನ ಅಧಿಕಾರ ಉಳಿಯುವುದಿಲ್ಲ. ನಾಗವಲ್ಲಿಯಾಗಿ ವಿಮಲಾ ರಾಮನ್, ಉಳಿದ ಪಾತ್ರಗಳಲ್ಲಿ ಸಂಧ್ಯಾ, ಲಕ್ಷ್ಮಿ ಗೋಪಾಲಸ್ವಾಮಿ, ಹಾಸ್ಯಕ್ಕೆ ಕೋಮಲ್ ಇದ್ದರು.

ಚಿತ್ರ ನಿಲ್ಲುವುದು ವಿಷ್ಣುವರ್ಧನ್ ಅವರ ದೊರೆಯ ಮೇಲೆ. ಬೋಳುತಲೆ, ಓರೆನೋಟ, ಗಂಟಲಿನಾಳದಿಂದ ಹೊರಡುವ ಆ ‘ಹೌಲಾ ಹೌಲಾ’. 1972ರ ‘ನಾಗರಹಾವು’ ಚಿತ್ರದ ರಾಮಾಚಾರಿಯಿಂದ ಶುರುವಾದ ಪಯಣದಲ್ಲಿ ಅವರು ಎಷ್ಟೋ ಸಲ ಸಾಧುವಾಗಿ, ತ್ಯಾಗಿಯಾಗಿ ಕಂಡಿದ್ದರು. ಕ್ರೌರ್ಯವನ್ನು ಇಷ್ಟು ಮಜದಿಂದ ಆಡಿ ತೋರಿಸುವ ಅವಕಾಶ ಕೊನೆಗೆ ಸಿಕ್ಕಿತು. 200ನೆಯ ಚಿತ್ರವೆಂದು ಪ್ರಚಾರವಾದ ಇದನ್ನು ತೆರೆಯ ಮೇಲೆ ನೋಡಲು ಅವರಿರಲಿಲ್ಲ. 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ಅವರು ತೀರಿಕೊಂಡರು. ಚಿತ್ರ ಬಂದದ್ದು 2010ರ ಫೆಬ್ರವರಿ 19ರಂದು.

ಎರಡು ಚಿತ್ರಗಳು, ಎರಡರ ಬಿಡುಗಡೆಗೂ ಮುನ್ನ ಮುಖ್ಯ ಕಲಾವಿದರ ಸಾವು. ಇದರಿಂದ ನಾಗವಲ್ಲಿಯ ಶಾಪವೆಂಬ ಮಾತು ಹುಟ್ಟಿಕೊಂಡು ಇಂದಿಗೂ ಓಡಾಡುತ್ತಿದೆ. ಒಂದು ವಿಮಾನ ಅಪಘಾತ, ಐದೂವರೆ ವರ್ಷಗಳ ನಂತರ ಐವತ್ತೊಂಬತ್ತರ ವಯಸ್ಸಿನ ನಟನೊಬ್ಬನ ಸಾವು. ಇವೆರಡನ್ನೂ ಒಂದು ದಾರದಲ್ಲಿ ಪೋಣಿಸಲು ಕಾರಣವೇ ಇಲ್ಲ. ಅದಕ್ಕಿಂತ ಹೆಚ್ಚಿನ ನೋವು ಬೇರೆ. ಮೈಮೇಲೆ ಬಂದದ್ದು ದೆವ್ವವಲ್ಲ, ಹುಡುಕಿದರೆ ಕಾರಣ ಸಿಗುತ್ತದೆ ಎಂದು ಹೇಳಲು ಹುಟ್ಟಿದ ಕಥೆಯನ್ನೇ ಹಿಡಿದು ಜನ ದೆವ್ವದ ಮಾತಾಡುವಂತಾಯಿತು. ಆ ಇಬ್ಬರು ಕಲಾವಿದರ ದುಡಿಮೆಗೆ ಇದು ತಕ್ಕ ನೆನಪಲ್ಲ.

ಭೂಲ್ ಭುಲಯ್ಯಾ

ಮೂಲದಲ್ಲಿ ಎರಡನೆಯ ತಂಡ ನಡೆಸಿದ್ದ ಪ್ರಿಯದರ್ಶನ್ 2007ರಲ್ಲಿ ಹಿಂದಿ ರೂಪ ನಿರ್ದೇಶಿಸಿದರು. ವಾಸು ಬೆಳೆಸಿದ್ದ ರೂಪವನ್ನು ಬಿಟ್ಟು ನೇರವಾಗಿ ಮಲಯಾಳಂಗೆ ಹೋದರು. ಅಕ್ಷಯ್ ಕುಮಾರ್ ಅವರ ವೈದ್ಯ ಆದಿತ್ಯ ಮತ್ತೆ ತಡವಾಗಿ ಬರುತ್ತಾನೆ. ಜೈಪುರದ ಬಳಿಯ ಚೋಮೂ ಅರಮನೆ ಹವೇಲಿಯಾಯಿತು. ಪರೇಶ್ ರಾವಲ್, ಅಸ್ರಾನಿ, ಮನೋಜ್ ಜೋಶಿ, ರಾಜ್‌ಪಾಲ್ ಯಾದವ್ ಮನೆ ತುಂಬ ಗದ್ದಲವೆಬ್ಬಿಸಿದರು. ಆಚಾರ್ಯರಾಗಿ ವಿಕ್ರಮ್ ಗೋಖಲೆ ಇದ್ದರು. ‘ಚಂದ್ರಮುಖಿ’ಯಲ್ಲಿ ನರ್ತಕನಾಗಿದ್ದ ವಿನೀತ್ ಇಲ್ಲಿಯೂ ಅದೇ ಪಾತ್ರಕ್ಕೆ ಬಂದರು. ಪ್ರೀತಮ್ ಸಂಯೋಜಿಸಿದ ನೃತ್ಯದ ಹಾಡನ್ನು ಶ್ರೇಯಾ ಘೋಷಾಲ್ ಜತೆ ಹಾಡಿದವರು ಎಂ.ಜಿ. ಶ್ರೀಕುಮಾರ್. ಮೂಲಕ್ಕೆ ಸಂಗೀತ ಕೊಟ್ಟ ರಾಧಾಕೃಷ್ಣನ್ ಅವರ ತಮ್ಮ ಅವರು. ಅಣ್ಣ ಸಂಗೀತ ಕಟ್ಟಿದ ಕಥೆಯ ಹಾಡು ಹದಿನಾಲ್ಕು ವರ್ಷಗಳ ಮೇಲೆ ತಮ್ಮನ ಕಂಠಕ್ಕೆ ಮತ್ತೊಂದು ಭಾಷೆಯಲ್ಲಿ ಬಂತು.

2022ರ ಎರಡನೆಯ ಭಾಗ ಬೇರೆಯೇ ಜಾತಿಯದು. ನಿರ್ದೇಶಕ ಅನೀಸ್ ಬಜ್ಮಿ. ವೈದ್ಯನ ಜಾಗಕ್ಕೆ, ಸತ್ತವರೊಡನೆ ಮಾತಾಡುತ್ತೇನೆಂದು ನಟಿಸುವ ರೂಹ್ ಬಾಬಾ ಎಂಬ ತರುಣ (ಕಾರ್ತಿಕ್ ಆರ್ಯನ್) ಬಂದ. ದೆವ್ವ ಇಲ್ಲಿ ನಿಜ. ಅವಳಿ ಸೋದರಿಯರಾದ ಅಂಜುಲಿಕಾ, ಮಂಜುಲಿಕಾ ಪಾತ್ರಗಳಲ್ಲಿ ತಬು, ಜತೆಗೆ ಕಿಯಾರಾ ಅಡ್ವಾಣಿ ನಟಿಸಿದರು. ಚಿತ್ರಮಂದಿರಗಳು ಸೊರಗಿದ್ದ ಹೊತ್ತಿನಲ್ಲಿ ಚಿತ್ರ 200 ಕೋಟಿ ರೂಪಾಯಿ ದಾಟಿ ಗಳಿಸಿತು. ಗಳಿಕೆ ದೊಡ್ಡದು, ಆದರೆ ಬೇನೆಯವಳನ್ನು ಅರ್ಥಮಾಡಿಕೊಳ್ಳುವ ಕಥೆಯಲ್ಲಿ ಬೇನೆಯೂ ಹೋಯಿತು, ಅರ್ಥಮಾಡಿಕೊಳ್ಳುವವನೂ ಹೋದ. ಮೂರೂ ಭಾಗಗಳಲ್ಲಿ ಉಳಿದವರೆಂದರೆ ಛೋಟಾ ಪಂಡಿತನಾದ ರಾಜ್‌ಪಾಲ್ ಯಾದವ್. ತಮಿಳಿನ ‘ಚಂದ್ರಮುಖಿ 2’ ಕೂಡ ರಾಘವ ಲಾರೆನ್ಸ್, ಕಂಗನಾ ರನೌತ್ ಅವರನ್ನಿಟ್ಟುಕೊಂಡು ಆತ್ಮಗಳ ಕಾಳಗವನ್ನೇ ನಂಬಿತು. ಹಳೆಯ ಹಿಡಿತ ಅದಕ್ಕೆ ದಕ್ಕಲಿಲ್ಲ.

ಪರಂಪರೆ

ದಕ್ಷಿಣದಲ್ಲಿ ದೆವ್ವ ಮತ್ತು ನಗುವನ್ನು ಒಂದೇ ಮನೆಯಲ್ಲಿ ಇರಿಸಿದ ಮುಂದಿನ ಚಿತ್ರಗಳ ಮೇಲೆಲ್ಲ ಈ ಬಳಗದ ನೆರಳಿದೆ. ವಾಸು ಅವರೇ ಶಿವರಾಜ್‌ಕುಮಾರ್, ವೇದಿಕಾ ಅವರೊಂದಿಗೆ ‘ಶಿವಲಿಂಗ’ (2016) ಮಾಡಿದರು. ಅದು ಮರುವರ್ಷ ತಮಿಳಿಗೆ ಹೋಯಿತು. ತಮಿಳಿನ ‘ಕಾಂಚನಾ’ ಉಪೇಂದ್ರ ಅವರ ‘ಕಲ್ಪನಾ’ (2012) ಆಗಿ ಕನ್ನಡಕ್ಕೆ ಬಂತು, ಕೋಮಲ್ ‘ನಮೋ ಭೂತಾತ್ಮ’ (2014) ಮಾಡಿದರು. ಇವುಗಳಲ್ಲಿ ನಗು ಹೆಚ್ಚು, ದೆವ್ವ ಹೆಚ್ಚು. ಬೀಗ ಹಾಕಿದ ಕೋಣೆಯನ್ನು ಮನಸ್ಸಿನ ರೂಪಕವಾಗಿ ಕಂಡ ಚಿತ್ರ ಮಾತ್ರ ಮತ್ತೆ ಬರಲಿಲ್ಲ.

ಆಡುಮಾತಿನಲ್ಲಿ ನಾಗವಲ್ಲಿ ಈಗ ರೂಢನಾಮ. ಸಿಟ್ಟಿಗೆದ್ದ ಹೆಣ್ಣುಮಗಳನ್ನು ‘ನಾಗವಲ್ಲಿ ಆಗಿಬಿಟ್ಟಳು’ ಎನ್ನುತ್ತಾರೆ. ಕಾಲೇಜಿನ ವಾರ್ಷಿಕೋತ್ಸವದಿಂದ ಟಿವಿಯ ನೃತ್ಯಸ್ಪರ್ಧೆಯವರೆಗೆ, ಕೆಂಪು ಸೀರೆ, ಹರಡಿದ ಕೂದಲು, ಅಳಿಸಿದ ಕುಂಕುಮ, ಗೆಜ್ಜೆ ಇಷ್ಟಿದ್ದರೆ ಯಾರೆಂದು ಹೇಳಬೇಕಿಲ್ಲ. ಅನುಕರಣೆಯಲ್ಲಿ ಉಳಿದದ್ದು ಅವಳ ರೌದ್ರ, ಜಾರಿಹೋದದ್ದು ಗಂಗೆಯ ದುಃಖ. ಗಾಳಿ ಸೋಕಿತೆಂದು ದೇವಸ್ಥಾನ, ಮಂತ್ರವಾದಿಗಳ ಬಳಿ ಸುತ್ತಿಸುವ ಬದಲು ಮನೋವೈದ್ಯರ ಬಳಿ ಕರೆದೊಯ್ಯಬಹುದು ಎಂಬ ಮಾತನ್ನು ಮೂರು ತಾಸಿನ ಮನರಂಜನೆಯ ಒಳಗಿಟ್ಟು ಹಳ್ಳಿಹಳ್ಳಿಗೆ ತಲುಪಿಸಿದ ಚಿತ್ರಗಳು ನಮ್ಮಲ್ಲಿ ಕಡಿಮೆ. ಚಿತ್ರದ ಕೊನೆಯಲ್ಲಿ ವೈದ್ಯ ಮಾಡುವಂತೆ, ಕೊಂದವನ ಬದಲು ಗೊಂಬೆಯನ್ನು ಕೊಲ್ಲಿಸಿ ರೋಗಿಯ ಸಿಟ್ಟು ತೀರಿಸಿ, ಒಂದೇ ರಾತ್ರಿಯಲ್ಲಿ ವಾಸಿ ಮಾಡುವ ಬಗೆ ವೈದ್ಯರ ಕೋಣೆಯಲ್ಲಿ ನಡೆಯುವಂಥದ್ದಲ್ಲ. ಅಲ್ಲಿನ ಕೆಲಸ ನಿಧಾನದ್ದು, ತಿಂಗಳುಗಟ್ಟಲೆ ಮಾತುಕತೆಯದು. ಆದರೂ ಆ ಬಾಗಿಲು ತಟ್ಟಬಹುದೆಂದು ತೋರಿಸಿದ್ದು ಸಣ್ಣ ಕೆಲಸವಲ್ಲ.

2024ರಲ್ಲಿ ಈ ಬಳಗದ ಎರಡು ತುದಿಗಳೂ ಚಿತ್ರಮಂದಿರದಲ್ಲಿ ಕಂಡವು. ಆಗಸ್ಟ್‌ನಲ್ಲಿ ‘ಮಣಿಚಿತ್ರತ್ತಾಳ್’ ಹೊಸದಾಗಿ ಶುದ್ಧಗೊಂಡ 4ಕೆ ರೂಪದಲ್ಲಿ ಮರಳಿ ಬಂತು. ಅದು ತೆರೆಕಂಡಾಗ ಹುಟ್ಟಿರದ ಮಕ್ಕಳು ಗೃಹಗಳನ್ನು ತುಂಬಿದರು. ನವೆಂಬರ್ 1ರಂದು ‘ಭೂಲ್ ಭುಲಯ್ಯಾ 3’ ಬಂತು. ವಿದ್ಯಾ ಬಾಲನ್ ಮರಳಿದರು, ಮಾಧುರಿ ದೀಕ್ಷಿತ್ ಜತೆಯಾದರು. ಇಬ್ಬರೂ ಒಟ್ಟಿಗೆ ಕುಣಿದರು. ಮಂಜುಲಿಕಾ ಯಾರೆಂದು ಚಿತ್ರ ಕೊನೆಯವರೆಗೂ ಹುಡುಕಿಸುತ್ತದೆ. ಸಿಗುವುದು ಹೆಣ್ಣಲ್ಲ. ಹೆಣ್ಣಿನ ವೇಷದಲ್ಲಿ ಕುಣಿಯಲು ಬಯಸಿದ್ದಕ್ಕೆ ತಂದೆಯಾದ ದೊರೆಯಿಂದ ಸಾವಿನ ಶಿಕ್ಷೆ ಪಡೆದ ದೇವೇಂದ್ರನಾಥ ಎಂಬ ರಾಜಕುಮಾರ. ಗೆಜ್ಜೆ ಕಟ್ಟಿದ್ದಕ್ಕಾಗಿ ಅರಮನೆಯೊಂದು ಬಲಿ ತೆಗೆದುಕೊಂಡ ಜೀವ ಅದು, ತಂಜಾವೂರಿನ ನಾಗವಲ್ಲಿಯ ಹಾಗೆಯೇ.